ಅಂಗಳ ಗುಡಿಸಿದರೆ ಅಟ್ಟ ಖಾಲಿಯಾಗಲ್ಲ

ಮಳೆಗಾಲ ಶುರುವಾಯಿತು ಅಂದರೆ ಸಾಗರದ ನಮ್ಮ ರಿಪೇರಿ ಅಂಗಡಿಗೆ ಎರಡು ಥರದ ಫೋನ್ ಜಾಸ್ತಿ. ನೀರು ಹೊಕ್ಕವು, ಸ್ಟೋರೇಜ್ ಫುಲ್ ಆದವು. ನೀರು ಹೊಕ್ಕರೆ ಯಾರನ್ನು ಬೈಯುವುದು? ಆದರೆ ಫುಲ್ ಆದವರು ಹೇಳುವುದು ಒಂದೇ: ‘ನಾನು ದಿನಾ ಕ್ಲೀನ್ ಮಾಡ್ತೀನಿ ಮಾರಾಯ್ರೆ!’ ಮಾಡಿ ತೋರಿಸಿ ಅಂದರೆ, ತೆರೆದಿಟ್ಟ ಆ್ಯಪ್‌ಗಳನ್ನೆಲ್ಲ ಬೆರಳಲ್ಲಿ ಸರಸರ ಮೇಲಕ್ಕೆ ತಳ್ಳುತ್ತಾರೆ.

ಅದರಿಂದ ಒಂದು ವಿಡಿಯೊದಷ್ಟು ಜಾಗವೂ ಸಿಗುವುದಿಲ್ಲ. ತೆರೆದ ಆ್ಯಪ್‌ಗಳು ಕೂರುವುದು ರ‍್ಯಾಮ್‌ನಲ್ಲಿ, ಫೋಟೊ ವಿಡಿಯೊ ಉಳಿಯುವುದು ಸ್ಟೋರೇಜ್‌ನಲ್ಲಿ. ರ‍್ಯಾಮ್ ಅಂದರೆ ಅಡಿಕೆ ಹರವುವ ಅಂಗಳ, ಸ್ಟೋರೇಜ್ ಅಂದರೆ ಮೂಟೆ ಪೇರಿಸುವ ಅಟ್ಟ. ಡಬ್ಬಿಯ ಮೇಲೆ 4 ಜಿಬಿ, 64 ಜಿಬಿ ಅಂತ ಬೇರೆ ಬೇರೆ ಬರೆದಿರುತ್ತಾರಲ್ವಾ, ಅದಕ್ಕೇ. ಫೋನ್ ಆಫ್ ಮಾಡಿದರೆ ರ‍್ಯಾಮ್‌ನಲ್ಲಿದ್ದದ್ದು ತಾನೇ ಹೋಗುತ್ತದೆ. ಸ್ಟೋರೇಜ್‌ನಲ್ಲಿರುವುದು ನೀವು ಅಳಿಸುವ ತನಕ ಅಲ್ಲೇ ಕೂತಿರುತ್ತದೆ. ರ‍್ಯಾಮ್ ಸಾಲದೇ ಹೋದರೆ ಬಳಸದ ಆ್ಯಪ್‌ಗಳನ್ನು ಆಂಡ್ರಾಯ್ಡ್ ತಾನೇ ಮುಚ್ಚುತ್ತದೆ. ನೀವು ಸುಮ್ನೆ ತಳ್ಳುತ್ತಿದ್ದರೆ ಮುಂದಿನ ಸಲ ಅದು ಮೊದಲಿಂದ ತೆರೆಯಬೇಕು. ನಿಧಾನವೂ ಹೌದು, ಬ್ಯಾಟರಿಗೂ ಖರ್ಚು. ಹ್ಯಾಂಗ್ ಆದ ಆ್ಯಪ್ ಇದ್ದರೆ ಮುಚ್ಚಿ, ಬೇಡ ಅನ್ನಲ್ಲ. ಮೆಮೊರಿ ಕಾರ್ಡ್ ಹಾಕಿದರೆ ಫೋನ್ ಓಡುತ್ತದೆ ಅನ್ನುವವರಿಗೂ ಇದೇ ಉತ್ತರ: ಫೋಟೊ ಇಡಲು ಜಾಗ ಸಿಗುತ್ತದೆ, ರ‍್ಯಾಮ್ ಬೆಳೆಯುವುದಿಲ್ಲ.

ಹಾಗಾದರೆ ಅಟ್ಟದಲ್ಲಿ ಏನಿದೆ? ಬಹುತೇಕ ವಾಟ್ಸ್‌ಆ್ಯಪ್. ಹೊಸನಗರ ಕಡೆಯ ಅಜ್ಜಿಯೊಬ್ಬರ ಫೋನಿನಲ್ಲಿ ಜೋಗದ ವಿಡಿಯೊಗಳೇ ಒಂದು ರಾಶಿ. ಮೇಲೆ ಲಿಂಗನಮಕ್ಕಿಯ ನೀರಿನ ಮಟ್ಟ, ಅಡಿಕೆ ಧಾರಣೆ, ದೇವರ ಪಟದ ಶುಭೋದಯ. ವಾಟ್ಸ್‌ಆ್ಯಪ್‌ನದೇ ಸೆಟ್ಟಿಂಗ್ಸ್‌ನ ‘ಸ್ಟೋರೇಜ್ ಅಂಡ್ ಡೇಟಾ’ದೊಳಗೆ ‘ಮ್ಯಾನೇಜ್ ಸ್ಟೋರೇಜ್’ ಒತ್ತಿದರೆ 5 ಎಂಬಿ ಮೀರಿದ ಫೈಲುಗಳು ಒಟ್ಟಿಗೆ ಕಾಣುತ್ತವೆ. ಅಲ್ಲಿಂದ ಅಳಿಸಿದೆವು. ಗ್ಯಾಲರಿಯಲ್ಲಿ ಅಳಿಸುವವರು ಟ್ರ್ಯಾಶ್ ಕೂಡ ಖಾಲಿ ಮಾಡಬೇಕು. ಎಷ್ಟೋ ಫೋನುಗಳಲ್ಲಿ ಅಳಿಸಿದ್ದು 30 ದಿನ ಅಲ್ಲೇ ಬಿದ್ದಿರುತ್ತದೆ.

ಒಂದು ಎಚ್ಚರಿಕೆ. ಫೋನ್ ಸೆಟ್ಟಿಂಗ್ಸ್‌ನಲ್ಲಿ ವಾಟ್ಸ್‌ಆ್ಯಪ್‌ನ ‘ಕ್ಲಿಯರ್ ಕ್ಯಾಶ್’ ಒತ್ತಿದರೆ ತೊಂದರೆಯಿಲ್ಲ, ಆ್ಯಪ್ ತಾತ್ಕಾಲಿಕವಾಗಿ ಇಟ್ಟುಕೊಂಡದ್ದು ಮಾತ್ರ ಹೋಗುತ್ತದೆ. ಅದರ ಪಕ್ಕದಲ್ಲೇ ಇರುವ ‘ಕ್ಲಿಯರ್ ಡೇಟಾ’ ಬೇರೆ. ಬ್ಯಾಕಪ್ ಇಲ್ಲದಿದ್ದರೆ ಹಳೇ ಚಾಟ್ ಎಲ್ಲ ಹೋಗಬಹುದು, ಆಮೇಲೆ ನನ್ನನ್ನು ಕೇಳಿ ಪ್ರಯೋಜನವಿಲ್ಲ.

ಅಜ್ಜಿಯ ಫೋನಿನಲ್ಲಿ ಆಟೊ ಡೌನ್‌ಲೋಡ್ ಆಫ್ ಮಾಡಿಕೊಟ್ಟೆ. ‘ಇನ್ನು ಶುಭೋದಯ ಬರಲ್ವಾ ಮಾರಾಯ?’ ಅಂದರು. ಬರುತ್ತದೆ ಅಜ್ಜಿ, ನೀವು ಮುಟ್ಟಿದ್ದು ಮಾತ್ರ ಇಳಿಯುತ್ತದೆ ಅಂದೆ. ಅಲ್ಲೇ ಕೂತು ಎಲ್ಲವನ್ನೂ ಮುಟ್ಟಿದರು.