ನೇಪಾಳಕ್ಕೆ ವೀಸಾ ಬೇಡ ಅಂದಮೇಲೆ ಇನ್ನೇನು ಬೇಕು?

ಓದುಗರ ಪ್ರಶ್ನೆ: ನಮ್ಮದು ಗೌರಿಬಿದನೂರು. ಯಜಮಾನರಿಗೆ ಕಠ್ಮಂಡುವಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ, ತಿಂಗಳಿಗೆ ಒಂದೂವರೆ ಲಕ್ಷ ಸಂಬಳ ಅಂತಿದ್ದಾರೆ. ನಾನು, ಪಿಯುಸಿ ಓದುತ್ತಿರುವ 16 ವರ್ಷದ ಮಗಳು, 8 ವರ್ಷದ ಮಗ, 68 ವರ್ಷದ ಅತ್ತೆ ಎಲ್ಲರೂ ಹೋಗಬೇಕು ಅಂತ ಮಾತು. ವೀಸಾ ಬೇಡ, ಆಧಾರ್ ಇದ್ದರೆ ಸಾಕು ಅಂತಾರಲ್ಲ, ನಿಜವೇ? ಹೋದಮೇಲೆ ಏನೇನು ನೋಡಿಕೊಳ್ಳಬೇಕು?

ಉತ್ತರ: ವೀಸಾ ಬೇಡ ಅನ್ನುವುದು ನಿಜ. ಆಧಾರ್ ಸಾಕು ಅನ್ನುವುದು ನಿಮ್ಮ ಮನೆಯ ಐದು ಜನರಲ್ಲಿ ಇಬ್ಬರ ಮಟ್ಟಿಗೆ ಮಾತ್ರ ನಿಜ. 1950ರ ಜುಲೈ 31ರಂದು ಆದ ಭಾರತ–ನೇಪಾಳ ಒಪ್ಪಂದದ 7ನೇ ವಿಧಿ ಎರಡೂ ದೇಶದವರಿಗೆ ಇನ್ನೊಂದು ಕಡೆ ವಾಸ, ವ್ಯಾಪಾರ, ಓಡಾಟಕ್ಕೆ ಅವಕಾಶ ಕೊಡುತ್ತದೆ. ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ, ಹಾಗಾಗಿ ಜನ ಕಾಗದಪತ್ರ ಜೋಡಿಸಿಕೊಳ್ಳದೆ ಹೊರಟುಬಿಡುತ್ತಾರೆ. ಕೇಳಬೇಕಾದ್ದನ್ನೆಲ್ಲ ಆಮೇಲೆ ಬ್ಯಾಂಕಿನವರು, ಸ್ಕೂಲಿನವರು, ಸಿಮ್ ಅಂಗಡಿಯವರು, ತೆರಿಗೆಯವರು ಒಬ್ಬೊಬ್ಬರಾಗಿ ಕೇಳುತ್ತಾರೆ. ದುಬೈಗೆ ಹೋಗುವವರು ಪಡುವ ತಯಾರಿಯ ಅರ್ಧದಷ್ಟಾದರೂ ಇಲ್ಲಿ ಪಡಬೇಕು.

ಮೊದಲು ವಿಮಾನದ ವಿಚಾರ. ಭಾರತ–ನೇಪಾಳ ನಡುವೆ ವಿಮಾನದಲ್ಲಿ ಹೋಗುವ ದೊಡ್ಡವರಿಗೆ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ವೋಟರ್ ಐಡಿ, ಎರಡರಲ್ಲೊಂದು ಬೇಕು. 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ ಆಧಾರ್, ಪ್ಯಾನ್, ಡಿಎಲ್‌ನಂಥ ವಯಸ್ಸು ಗುರುತು ತೋರಿಸುವ ಫೋಟೊ ದಾಖಲೆ ನಡೆಯುತ್ತದೆ. ಅಂದರೆ ನಿಮ್ಮ ಮಗನಿಗೂ ಅತ್ತೆಯವರಿಗೂ ಆಧಾರ್ ಸಾಕು. ಮಗಳು 15ರಿಂದ 18ರ ನಡುವಿನವಳು. ಅವಳಿಗೆ ಕಾಲೇಜಿನ ಪ್ರಿನ್ಸಿಪಾಲರು ನಿಗದಿತ ನಮೂನೆಯಲ್ಲಿ ಸಹಿ ಹಾಕಿ ಕೊಡುವ ಗುರುತಿನ ಪತ್ರ ಬೇಕು. ಲೆಟರ್‌ಹೆಡ್ಡಿನಲ್ಲಿ ಎರಡು ಸಾಲು ಬರೆಸಿಕೊಂಡು ಹೋದರೆ ಕೌಂಟರ್‌ನಲ್ಲಿ ವಾದ ಶುರುವಾಗುತ್ತದೆ. ಇಡೀ ಕುಟುಂಬ ಒಟ್ಟಿಗೆ ಹೋಗುವಾಗ ಒಬ್ಬ ದೊಡ್ಡವರ ಹತ್ತಿರ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇದ್ದು, ಉಳಿದವರ ಹತ್ತಿರ ಸಂಬಂಧ ತೋರಿಸುವ ಫೋಟೊ ದಾಖಲೆ ಇದ್ದರೆ ಬಿಡಬಹುದು ಅಂತಲೂ ನಿಯಮವಿದೆ. ಅದನ್ನು ನಂಬಿಕೊಂಡು ಟಿಕೆಟ್ ಮಾಡಿಸಬೇಡಿ. ಬೆಳಗಿನ ಜಾವ ದೇವನಹಳ್ಳಿಯ ಕೌಂಟರ್‌ನಲ್ಲಿ ಕೂತ ಹುಡುಗ ಆ ನಿಯಮ ಓದಿರುತ್ತಾನೆ ಅನ್ನುವ ಖಾತರಿ ಇಲ್ಲ. ದೆಹಲಿ ಮೂಲಕ ಹೋದರೆ ಇಮಿಗ್ರೇಷನ್ ದೆಹಲಿಯಲ್ಲಿ. ಅಲ್ಲಿ ತಡೆದರೆ ಮನೆಯಿಂದ ದಾಖಲೆ ತರಿಸುವ ಮಾತೇ ಇಲ್ಲ.

ನಮ್ಮ ಸಲಹೆ ಕೇಳಿದರೆ ಐದೂ ಜನಕ್ಕೆ ಪಾಸ್‌ಪೋರ್ಟ್ ಮಾಡಿಸಿ. ದೊಡ್ಡವರ 36 ಪುಟದ ಮಾಮೂಲಿ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ, ತತ್ಕಾಲ್ ಆದರೆ 3,500. ವೋಟರ್ ಐಡಿಯನ್ನು ನೆಚ್ಚಿಕೊಳ್ಳುವುದರಲ್ಲಿ ಒಂದು ತೊಡಕಿದೆ: ವೋಟರ್ ಪಟ್ಟಿ ನಿಂತಿರುವುದೇ ನೀವು ಆ ಊರಲ್ಲಿ ವಾಸ ಇದ್ದೀರಿ ಅನ್ನುವುದರ ಮೇಲೆ. ವೋಟರ್ ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಅಧಿಕಾರಿ (ಬಿಎಲ್‌ಒ) ಮನೆಗೆ ಬಂದಾಗ ಬೀಗ ಕಂಡು, ಅಕ್ಕಪಕ್ಕದವರು 'ಅವರೆಲ್ಲ ನೇಪಾಳಕ್ಕೆ ಹೋಗವ್ರೆ' ಅಂದರೆ ಹೆಸರು ತೆಗೆಯುವುದಕ್ಕೆ ದಾರಿಯಾಯಿತು. ಕಾರ್ಡಿನಲ್ಲಿ ಹೆಸರಿನ ಅಕ್ಷರ ತಪ್ಪಿದ್ದರೆ ಫಾರಂ 8ರಲ್ಲಿ ಈಗಲೇ ಸರಿ ಮಾಡಿಸಿ. ಟಿಕೆಟ್, ಆಧಾರ್, ಅಂಕಪಟ್ಟಿ ಎಲ್ಲದರಲ್ಲೂ ಒಂದೇ ಹೆಸರಿರಲಿ. ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯಲ್ಲಿ, ಅದು ಲೈನ್‌ಚೌರ್‌ನಲ್ಲಿದೆ, ಹೆಸರು ನೋಂದಾಯಿಸಿಕೊಳ್ಳುವುದು ಒಳ್ಳೆಯದು. ಆದರೆ ಅಲ್ಲಿ ಕೊಡುವ ನೋಂದಣಿ ಪತ್ರ ತೋರಿಸಿ ವಿಮಾನ ಹತ್ತಲಾಗುವುದಿಲ್ಲ.

ಈಗ ಸಂಬಳ. ಒಂದೂವರೆ ಲಕ್ಷ ಅಂದರಲ್ಲ, ಯಾವ ರೂಪಾಯಿ? ಅಲ್ಲಿ ದಿನನಿತ್ಯ ಐಸಿ, ಎನ್‌ಸಿ ಅಂತಾರೆ. ಐಸಿ ನಮ್ಮದು, ಎನ್‌ಸಿ ಅವರದು. 1993ರಿಂದ ದರ ಕದಲಿಲ್ಲ: ನಮ್ಮ 100ಕ್ಕೆ ಅವರ 160. ಆ ಲೆಕ್ಕದಲ್ಲಿ ಎನ್‌ಸಿ 1,50,000 ಅಂದರೆ ನಮ್ಮ 93,750 ರೂಪಾಯಿ. ಆಫರ್ ಲೆಟರ್‌ನಲ್ಲಿ ಬರೀ 'ರೂ.' ಅಂತಿದ್ದರೆ ಯಾವುದು ಅಂತ ಬರೆಸಿಕೊಳ್ಳಿ. ಮೂಲವೇತನ ಎಷ್ಟು ಅನ್ನುವುದನ್ನೂ ಬಿಡಿಸಿ ಬರೆಸಿ, ಏಕೆಂದರೆ ಸಾಮಾಜಿಕ ಭದ್ರತಾ ನಿಧಿಗೆ ಅದರ ಮೇಲೆ ನೌಕರನಿಂದ 11, ಕಂಪನಿಯಿಂದ 20, ಒಟ್ಟು ಶೇ. 31 ಹೋಗುತ್ತದೆ. ಕಂಪನಿಯ ಪಾಲಿನ 20 ಕೂಡ ಆ ಒಂದೂವರೆ ಲಕ್ಷದೊಳಗೇ ಸೇರಿದೆಯೇ ಅಂತ ಕೇಳಿ. ಕೈಗೆ ಬರುವ ಹಣ ಅಲ್ಲೇ ಕರಗುವುದು. ದಸೈಂ (ಅವರ ದಸರಾ) ಹಬ್ಬಕ್ಕೆ ಒಂದು ತಿಂಗಳ ಸಂಬಳದಷ್ಟು ಹಬ್ಬದ ಭತ್ಯೆ ಅಲ್ಲಿನ ಕಾರ್ಮಿಕ ಕಾಯ್ದೆಯಲ್ಲೇ ಇದೆ, ಅದು ಯಾರ ಔದಾರ್ಯವೂ ಅಲ್ಲ. ಶ್ರಮ ಇಲಾಖೆಯ ಅನುಮತಿ ಮಾಡಿಸುವ ಹೊಣೆ ಯಾರದು ಅನ್ನುವುದನ್ನೂ ಕಂಪನಿಯಿಂದ ಬರವಣಿಗೆಯಲ್ಲಿ ಪಡೆಯಿರಿ. ನೇಪಾಳಕ್ಕೂ ಪ್ಯಾನ್ ಅನ್ನುವುದೇ ತೆರಿಗೆ ಸಂಖ್ಯೆ, ಆದರೆ ನಮ್ಮ ಪ್ಯಾನ್ ಅಲ್ಲಿ ನಡೆಯದು. ಅಲ್ಲಿನದು ಬೇರೆ ಮಾಡಿಸಬೇಕು.

ಸಂಬಳದ ದಿನವೂ ನಮ್ಮಂತಿಲ್ಲ. ಅಲ್ಲಿ ಎಲ್ಲ ನಡೆಯುವುದು ವಿಕ್ರಮ ಸಂವತ್ಸರದ ಮೇಲೆ. 2026ರ ಏಪ್ರಿಲ್ ಮಧ್ಯಕ್ಕೆ ಅವರಿಗೆ 2083 ಶುರು. ತಿಂಗಳ ಹೆಸರು ವೈಶಾಖ, ಜ್ಯೇಷ್ಠ ಅಂತ ಕೇಳಿ ನಮ್ಮ ಪಂಚಾಂಗ ತೆಗೆಯಬೇಡಿ. ಅವರದು ಸೌರಮಾನ, ನಮ್ಮ ಯುಗಾದಿ ಬಂದಾಗ ಅವರ ಹಿಂದಿನ ವರ್ಷ ಇನ್ನೂ ಮುಗಿದಿರುವುದಿಲ್ಲ. ತಿಂಗಳಿಗೆ 29ರಿಂದ 32 ದಿನ. ಸಂಬಳ, ಮನೆ ಬಾಡಿಗೆ, ಸ್ಕೂಲ್ ಫೀಸು ಎಲ್ಲ ಈ ಲೆಕ್ಕದಲ್ಲೇ, ಅಂದರೆ ನಮ್ಮ ತಿಂಗಳ ನಡುವಿಗೆ. ಗೌರಿಬಿದನೂರಿನ ಬ್ಯಾಂಕಿನಲ್ಲಿ ಮನೆ ಸಾಲದ ಕಂತು 5ನೇ ತಾರೀಖು ಕಟ್ಟಾಗುವಂತಿದ್ದರೆ, ಎರಡು ಕಂತಿನಷ್ಟು ಹಣ ಯಾವಾಗಲೂ ಖಾತೆಯಲ್ಲಿ ಬಿಟ್ಟಿರಿ. ಗಡಿಯಾರವೂ 15 ನಿಮಿಷ ಮುಂದು. ವಾರದ ರಜೆ ಶನಿವಾರ; ಭಾನುವಾರ ಸಾಮಾನ್ಯವಾಗಿ ಕೆಲಸ ಇರುತ್ತದೆ. ಊರಿಗೆ ಪುರಸೊತ್ತಾಗಿ ಫೋನ್ ಮಾಡಬೇಕೆಂದರೆ ಇದನ್ನು ನೆನಪಿಟ್ಟುಕೊಳ್ಳಬೇಕು.

ದುಡ್ಡು ಸಾಗಿಸುವ ವಿಚಾರದಲ್ಲಿ ಜನ ಹೆಚ್ಚು ತೊಂದರೆ ಮಾಡಿಕೊಳ್ಳುತ್ತಾರೆ. 2018ರ ಡಿಸೆಂಬರ್‌ನಲ್ಲಿ ನೇಪಾಳ ಸರ್ಕಾರ 100ಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತು. ಆಮೇಲೆ ಸಡಿಲಿಕೆಯ ಮಾತು ಬಂದಿದೆ. ಏನೇ ಇರಲಿ, 100ರ ನೋಟಿನ ಕಟ್ಟು ಒಯ್ದವರಿಗೆ ತಾಪತ್ರಯ ಇಲ್ಲ. ಡಾಲರ್ ಕೊಳ್ಳಲು, ಫಾರೆಕ್ಸ್ ಕಾರ್ಡ್ ಮಾಡಿಸಲು ಹೋಗಬೇಡಿ. ನೇಪಾಳ, ಭೂತಾನ್ ಪ್ರಯಾಣಕ್ಕೆ ವಿದೇಶಿ ವಿನಿಮಯ ಕೊಡುವಂತಿಲ್ಲ ಅನ್ನುವುದು ನಮ್ಮ ಕಾನೂನು. 2024ರ ಮಾರ್ಚ್‌ನಿಂದ ನಮ್ಮ ಯುಪಿಐನಲ್ಲಿ ನೇಪಾಳದ ಫೋನ್‌ಪೇ ಕ್ಯೂಆರ್ ಇರುವ ಅಂಗಡಿಗಳಿಗೆ ಹಣ ಕೊಡಬಹುದು. ಅದು ಬೇರೆ ಕಂಪನಿ, ನಿಮ್ಮ ಮೊಬೈಲಿನಲ್ಲಿರುವ ಅದೇ ಹೆಸರಿನ ಆ್ಯಪ್ ಅಲ್ಲ. ಮನೆ ಮಾಲೀಕರಿಗೆ ಬಾಡಿಗೆ ಕೊಡಲು ಅದನ್ನು ನೆಚ್ಚಬೇಡಿ. ಅಲ್ಲಿನ ಬ್ಯಾಂಕ್ ಖಾತೆ, ಇಸೇವಾ ಅಥವಾ ಖಲ್ತಿ ಎಂಬ ಅಲ್ಲಿನ ಮೊಬೈಲ್ ವ್ಯಾಲೆಟ್ ಬೇಕಾಗುತ್ತದೆ. ಸಿಮ್ ಎನ್‌ಸೆಲ್‌ದೋ ನೇಪಾಳ್ ಟೆಲಿಕಾಂನದೋ ತೆಗೆದುಕೊಳ್ಳಿ, ಆದರೆ ಊರಿನ ನಂಬರನ್ನು ಸಾಯಲು ಬಿಡಬೇಡಿ. ಹೊರಡುವ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿ, ರೀಚಾರ್ಜ್ ತಪ್ಪಿಸಬೇಡಿ. ನಂಬರು ಹೋದರೆ ಒಟಿಪಿ ಹೋಯಿತು, ಒಟಿಪಿ ಹೋದರೆ ಬ್ಯಾಂಕು, ಆಧಾರ್, ತೆರಿಗೆ ಖಾತೆ ಎಲ್ಲದರ ಬಾಗಿಲೂ ಮುಚ್ಚಿತು.

ಹೊರದೇಶದ ಕೆಲಸಕ್ಕೆ ಹೋದವರು ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ) ಖಾತೆಯಾಗಿ ಬದಲಿಸಬೇಕು ಅನ್ನುವ ನಿಯಮ ನೇಪಾಳ, ಭೂತಾನ್‌ಗೆ ಹೋದವರಿಗೆ ಇಲ್ಲ, ಯಜಮಾನರ ಖಾತೆ ಈಗಿರುವಂತೆಯೇ ಮುಂದುವರಿಯುತ್ತದೆ. ಆದಾಯ ತೆರಿಗೆಗೆ 182 ದಿನದ ಲೆಕ್ಕ: ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 29ಕ್ಕೆ 182 ತುಂಬುತ್ತದೆ. ಅದಾದಮೇಲೆ ಹೊರಟರೆ ಆ ವರ್ಷ ನೀವು ಭಾರತದ ನಿವಾಸಿಯೇ, ನೇಪಾಳದ ಸಂಬಳವನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಎರಡೂ ಕಡೆ ತೆರಿಗೆ ಬೀಳದಂತೆ 2011ರಲ್ಲಿ ಆದ ಒಪ್ಪಂದವಿದೆ. ಅಲ್ಲಿ ಕಟ್ಟಿದ ತೆರಿಗೆಯ ರಸೀದಿಗಳನ್ನು ಇಟ್ಟುಕೊಂಡರೆ ಅದು ಉಪಯೋಗಕ್ಕೆ ಬರುತ್ತದೆ. ಊರಿಗೆ ಸಂಬಳದ ಹಣ ಕಳಿಸುವಾಗಲೂ ಬ್ಯಾಂಕಿನವರು ಕೆಲಸದ ಕರಾರು, ತೆರಿಗೆ ಕಟ್ಟಿದ ದಾಖಲೆ ಕೇಳುತ್ತಾರೆ. ಹಣವನ್ನು ಬ್ಯಾಂಕಿಲ್ಲದೆ ಗಡಿ ದಾಟಿಸಿಕೊಡುತ್ತೇನೆ ಅನ್ನುವ ಹುಂಡಿಯವರ ಹತ್ತಿರ ಹೋಗಬೇಡಿ, ಎರಡೂ ದೇಶದಲ್ಲಿ ಅದು ಅಪರಾಧ.

ಮಕ್ಕಳ ಓದು. ಮಗಳು ಎರಡನೇ ಪಿಯುಸಿ ಇಲ್ಲೇ ಮುಗಿಸುವುದು ಮೇಲು ಅನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಒಂದು ಬೋರ್ಡಿನ ಪಿಯುಸಿಯ ನಡುವೆ ಇನ್ನೊಂದು ದೇಶದ 12ನೇ ತರಗತಿಗೆ ಹಾರಿಸಿದರೆ ಒಂದು ವರ್ಷ ಹೋಗುವ ಸಾಧ್ಯತೆಯೇ ಹೆಚ್ಚು. ಮಗನದು ಸುಲಭ, ಆದರೆ ಮುಂದಾಲೋಚನೆ ಬೇಕು. ಕಠ್ಮಂಡುವಿನಲ್ಲಿ ಕೇಂದ್ರೀಯ ವಿದ್ಯಾಲಯ ಇದೆ. ಸೀಟು ಮೊದಲು ರಾಯಭಾರ ಕಚೇರಿಯವರ ಮಕ್ಕಳಿಗೆ. ಸಿಬಿಎಸ್‌ಇ ಪಾಠ ಮಾಡುವ ಖಾಸಗಿ ಶಾಲೆಗಳೂ ಇವೆ. ಅಲ್ಲಿನ ಸ್ಥಳೀಯ ಶಾಲೆಗೆ ಹಾಕಿದರೆ ವರ್ಷ ಶುರುವಾಗುವುದು ಏಪ್ರಿಲ್ ಮಧ್ಯದಲ್ಲಿ, 10ನೇ ತರಗತಿಗೆ ಎಸ್‌ಇಇ ಪರೀಕ್ಷೆ. ಎಲ್ಲಿಯೂ ಕನ್ನಡ ವಿಷಯವಾಗಿ ಸಿಗದು. ವಾಪಸ್ ಬಂದರೆ 2015ರ ಕನ್ನಡ ಕಲಿಕೆ ಕಾಯ್ದೆಯಂತೆ ಶಾಲೆಯಲ್ಲಿ ಕನ್ನಡ ಇದ್ದೇ ಇರುತ್ತದೆ, ಆದ್ದರಿಂದ ಪಠ್ಯಪುಸ್ತಕ ಜೊತೆಗೇ ಒಯ್ಯಿರಿ. ಅತ್ತೆಯವರು ದಿನಕ್ಕೆ ಅರ್ಧ ಗಂಟೆ ಓದಿಸಿದರೂ ಸಾಕು. ಸಿಇಟಿ ಸೀಟಿಗೆ ಸಾಮಾನ್ಯವಾಗಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು ಅನ್ನುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಟಿಸಿ ಮೇಲೆ ಬಿಇಒ ಮೇಲುಸಹಿ ಹಾಕಿಸಿಯೇ ಹೊರಡಿ.

ಮನೆ ಹುಡುಕುವಾಗ ಬಿಸಿಲು ನೋಡಿ. ಕಠ್ಮಂಡು ಸುಮಾರು 1,400 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ನಮ್ಮ ನಂದಿಬೆಟ್ಟದ ಎತ್ತರವೇ. ಆದರೆ ಅದು ಉತ್ತರಕ್ಕಿರುವುದರಿಂದ ಜನವರಿಯ ಬೆಳಗ್ಗೆ ಉಷ್ಣಾಂಶ 2–3 ಡಿಗ್ರಿಗೆ ಇಳಿಯುತ್ತದೆ, ಮನೆಯೊಳಗೆ ಬೆಚ್ಚಗಿಡುವ ಏರ್ಪಾಡು ಮಾಮೂಲಿ ಮನೆಗಳಲ್ಲಿ ಇರುವುದಿಲ್ಲ. ಗ್ರೌಂಡ್ ಫ್ಲೋರ್ ಕಡಿಮೆ ಬಾಡಿಗೆಗೆ ಸಿಗುವುದು ಅದು ಥಂಡಿ ಹಿಡಿಯುತ್ತದೆ ಅಂತಲೇ. 68ರ ಅತ್ತೆಯವರಿಗೆ ದಕ್ಷಿಣಕ್ಕೆ ಕಿಟಕಿ ಇರುವ, ಬೆಳಗಿನಿಂದ ಬಿಸಿಲು ಬೀಳುವ ಕೋಣೆ ಕೊಡಿ. ಗ್ಯಾಸ್ ಹೀಟರ್ ಇಟ್ಟರೆ ಕಿಟಕಿ ಒಂದಿಷ್ಟು ತೆರೆದಿರಬೇಕು. ಪೂರ್ತಿ ಮುಚ್ಚಿ ಮಲಗುವುದು ಪ್ರಾಣಕ್ಕೆ ಅಪಾಯ. ನೀರು ನಲ್ಲಿಯಲ್ಲಿ ಬರುತ್ತದೆಯೋ, ಟ್ಯಾಂಕರ್ ತರಿಸಬೇಕೋ, ತರಿಸಿದರೆ ದುಡ್ಡು ಯಾರು ಕೊಡಬೇಕು ಅಂತ ಮೊದಲೇ ಮಾತಾಡಿ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಡಿಯಲು ಜನ 20 ಲೀಟರ್ ಜಾರ್ ತರಿಸುತ್ತಾರೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಬಿರುಕು ಬಿಟ್ಟು, ಮೇಲೆ ಸುಣ್ಣಬಣ್ಣ ಹೊಡೆದ ಮನೆಗಳು ಈಗಲೂ ಬಾಡಿಗೆಗೆ ಸಿಗುತ್ತವೆ. ಕಂಬ, ತೊಲೆ ಸೇರುವ ಜಾಗ ನೋಡದೆ ಮುಂಗಡ ಕೊಡಬೇಡಿ. ಮಾರ್ಚ್–ಏಪ್ರಿಲ್‌ನಲ್ಲಿ ಕಾಡ್ಗಿಚ್ಚಿನ ಹೊಗೆ ಸೇರಿ ಗಾಳಿ ಕೆಡುತ್ತದೆ. ದಮ್ಮು ಇರುವವರು ಡಾಕ್ಟರನ್ನು ಕೇಳಿಯೇ ತೀರ್ಮಾನಿಸಲಿ. ಇಲ್ಲಿನ ಆರೋಗ್ಯ ವಿಮೆ ಹೊರದೇಶದ ಆಸ್ಪತ್ರೆಗೆ ಸಾಮಾನ್ಯವಾಗಿ ಅನ್ವಯಿಸದು.

ಇನ್ನು ಕಾರಿನಲ್ಲಿ ಹೋಗೋಣ ಅನ್ನುವ ಆಸೆ ಇದ್ದರೆ ಬಿಡಿ. ಭಾರತದ ನಂಬರ್ ಪ್ಲೇಟಿನ ಖಾಸಗಿ ವಾಹನ ವರ್ಷಕ್ಕೆ 30 ದಿನ ಮಾತ್ರ ಇರಬಹುದು, ಅದಕ್ಕೂ ಗಡಿಯ ಭನ್ಸಾರ್ (ಕಸ್ಟಮ್ಸ್) ಕಚೇರಿಯಲ್ಲಿ ದಿನದ ಲೆಕ್ಕದ ಸುಂಕ. ಟಿವಿ, ಫ್ರಿಜ್ ಸಾಗಿಸಿದರೂ ಅಲ್ಲೇ ತೆರಬೇಕು. ಸೈಟು ಕೊಳ್ಳುವ ಯೋಚನೆಯೂ ಬೇಡ, ವಿದೇಶಿಯರಿಗೆ ಜಮೀನು ಕೊಡುವುದಿಲ್ಲ. ಯಾರದೋ ಹೆಸರಿನಲ್ಲಿ ತೆಗೆದವರು ಕಳೆದುಕೊಂಡಿದ್ದಾರೆ.

ಊಟದ ಚಿಂತೆ ಅಷ್ಟಾಗಿ ಇಲ್ಲ. ರಾಗಿ ಅಲ್ಲೂ ಬೆಳೆಯುತ್ತಾರೆ, ಅಂಗಡಿಯಲ್ಲಿ 'ಕೋದೋ ಕೋ ಪಿಠೋ' ಅಂತ ಕೇಳಿದರೆ ರಾಗಿ ಹಿಟ್ಟೇ ಕೊಡುತ್ತಾರೆ. ಇಲ್ಲಿ ಕೊದೋ ಅಂತ ಮಾರುವುದು ಹಾರಕ, ಗೊಂದಲ ಬೇಡ. ಅವರ ಢಿಂಡೊ ನಮ್ಮ ಮುದ್ದೆಗಿಂತ ಮೆತ್ತಗೆ, ಹಿಟ್ಟು ಸ್ವಲ್ಪ ತರಿಯಾಗಿರುವುದರಿಂದ ಮುದ್ದೆಗೆ ಜರಡಿ ಹಿಡಿದು ಇನ್ನೊಂದು ಹಿಡಿ ಜಾಸ್ತಿ ಹಾಕಿ ಕೂಡಿಸಬೇಕು. ಎತ್ತರಕ್ಕೆ ನೀರು 95 ಡಿಗ್ರಿಗೇ ಕುದಿಯುತ್ತದೆ, ಬೇಳೆಗೆ ಕುಕ್ಕರ್ ಇಲ್ಲದೆ ಆಗದು. ಚಳಿಗಾಲದಲ್ಲಿ ದೋಸೆ ಹಿಟ್ಟು ರಾತ್ರಿಗೆ ಹುಳಿಯುವುದಿಲ್ಲ. ಬಿಸಿಲಿಗಿಟ್ಟು ಒಂದು ಹಗಲು ಹೆಚ್ಚು ಕೊಡಿ. ಹುಣಸೆಹಣ್ಣು, ಸಾರಿನ ಪುಡಿ, ಒಣಗಿಸಿದ ಕರಿಬೇವು ಊರಿಂದಲೇ ಒಯ್ಯಿರಿ. ತಿಪಟೂರಿನ ಕಡೆಯವರಂತೆ ಎಲ್ಲದಕ್ಕೂ ಕಾಯಿ ತುರಿಯುವ ಅಭ್ಯಾಸವಿದ್ದರೆ ಖರ್ಚು ಕಾಣುತ್ತದೆ.

ಭಾಷೆಗೆ ಹಿಂದಿ ನಡೆಯುತ್ತದೆ, ಆದರೆ ಹಿಂದಿಯಲ್ಲೇ ಗದರಿಸುವವರನ್ನು ಅಲ್ಲಿ ಯಾರೂ ಇಷ್ಟಪಡುವುದಿಲ್ಲ. ಅಣ್ಣನಿಗೆ ದಾಯಿ, ಅಕ್ಕನಿಗೆ ದಿದಿ. ತಿಮಿ ಅಂದರೆ ನೀನು, ತಪಾಯಿ ಅಂದರೆ ನೀವು. ಪರಿಚಯವಿಲ್ಲದವರಿಗೆ ತಪಾಯಿಯೇ. 2015–16ರಲ್ಲಿ ಗಡಿ ಬಂದ್ ಆಗಿ ತಿಂಗಳುಗಟ್ಟಲೆ ಗ್ಯಾಸು, ಪೆಟ್ರೋಲು ಸಿಗದಿದ್ದುದನ್ನು ಅವರು ಮರೆತಿಲ್ಲ, 'ನೀವೂ ನಮ್ಮವರೇ ಅಲ್ವಾ' ಅನ್ನುವ ಮಾತು ನಮ್ಮ ಕಿವಿಗೆ ಪ್ರೀತಿ, ಅವರಿಗೆ ಸೊಕ್ಕು. ಕನ್ನಡ ಕೇಳಬೇಕೆನಿಸಿದರೆ ಅತ್ತೆಯವರನ್ನು ಪಶುಪತಿನಾಥಕ್ಕೆ ಕರೆದುಕೊಂಡು ಹೋಗಿ. ಅಲ್ಲಿನ ಮುಖ್ಯ ಅರ್ಚಕರಾಗಿ ಕರ್ನಾಟಕದ ಭಟ್ಟರೇ ಬರುವುದು ಹಳೆಯ ಸಂಪ್ರದಾಯ.

ಯಾವಾಗ ಹೋಗಬೇಕು ಅನ್ನುವುದು ಕೊನೆಯದು. ದಸೈಂ, ತಿಹಾರ್ ಬರುವುದು ನಮ್ಮ ದಸರಾ, ದೀಪಾವಳಿಯ ಹೊತ್ತಿಗೇ. ಆಗ ಕಚೇರಿಗಳು ದಿನಗಟ್ಟಲೆ ಮುಚ್ಚಿ ಖಾತೆ, ಪ್ಯಾನ್ ಯಾವುದೂ ಆಗುವುದಿಲ್ಲ. ಯಜಮಾನರು ಮೊದಲು ಒಬ್ಬರೇ ಹೋಗಿ ಮನೆ, ಖಾತೆ, ಪ್ಯಾನ್ ಮುಗಿಸಲಿ. ನೀವು, ಮಗ, ಅತ್ತೆಯವರು ಇಲ್ಲಿನ ವಾರ್ಷಿಕ ಪರೀಕ್ಷೆ ಮುಗಿದಮೇಲೆ ಏಪ್ರಿಲ್ ಮೊದಲ ವಾರ ಹೊರಟರೆ ಅಲ್ಲಿ ಶಾಲೆ ಶುರುವಾಗುವಷ್ಟರಲ್ಲಿ ಸೇರಿರುತ್ತೀರಿ. ಚಳಿಯೂ ಕಳೆದಿರುತ್ತದೆ.