ಕೋಟಿಗಾಗಿ ಕಿತ್ತಾಟ, ಕಿವಿಗೆ ರಗ್ಬಿ: ರೆನೆ ಕ್ಲೇರ್‌ ಮಾತನ್ನು ದೂರವಿಟ್ಟ ಕಥೆ

ಒಪೆರಾ ಮಂದಿರದೊಳಗೆ ಒಂದು ಹಳೇ ಕೋಟಿಗಾಗಿ ಜನ ಕಿತ್ತಾಡುತ್ತಿದ್ದಾರೆ. ಜೇಬಲ್ಲಿ ಬಹುಮಾನ ಬಂದ ಲಾಟರಿ ಟಿಕೆಟ್ ಇದೆ. ಕೋಟು ಕೈಯಿಂದ ಕೈಗೆ ಹಾರುತ್ತದೆ. ಆದರೆ ಕೇಳಿಸುವುದು ಬೈಗುಳವಲ್ಲ, ರಗ್ಬಿ ಮೈದಾನದ ಕೇಕೆ, ರೆಫರಿಯ ಸಿಳ್ಳೆ! 1931ರ ಫ್ರೆಂಚ್ ಚಿತ್ರ ‘ಲ ಮಿಲಿಯೋ’ದ ಈ ದೃಶ್ಯ ಇವತ್ತಿಗೂ ನಗಿಸುತ್ತದೆ.

ನಿರ್ದೇಶಕ ರೆನೆ ಕ್ಲೇರ್‌ಗೆ ಟಾಕಿ, ಅಂದರೆ ಮಾತಾಡುವ ಚಿತ್ರ ಎಂದರೆ ಮೊದಲಿಗೆ ಅಷ್ಟಕ್ಕಷ್ಟೆ. ಮೂಕಿ ಕಾಲದಲ್ಲಿ ಓಡಾಟದ ಹಾಸ್ಯದಿಂದಲೇ ಹೆಸರು ಮಾಡಿದ್ದ ಮನುಷ್ಯ. 1927ರಲ್ಲಿ ಟಾಕಿ ಯುಗಕ್ಕೆ ನಾಂದಿ ಹಾಡಿದ ಹಾಲಿವುಡ್ಡಿನ ‘ದಿ ಜಾಝ್ ಸಿಂಗರ್’ ಬಂದ ಬಳಿಕ ಸ್ಟುಡಿಯೋದವರು ಕ್ಯಾಮೆರಾದ ಸದ್ದು ಮೈಕಿಗೆ ಬೀಳಬಾರದೆಂದು ಅದನ್ನೇ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂಡಿಹಾಕಿದರು. ನಟರೋ, ಮೈಕಿನ ಹತ್ತಿರ ನಿಂತು ಮಾತಾಡಿದ್ದೇ ಮಾತಾಡಿದ್ದು. 1929ರಲ್ಲಿ ಲಂಡನ್ನಿಗೆ ಹೋಗಿ ಹೊಸ ಟಾಕಿಗಳನ್ನು ನೋಡಿದ ಕ್ಲೇರ್ ‘ಬ್ರಾಡ್‌ವೇ ಮೆಲಡಿ’ಯ ಒಂದು ತುಣುಕಿಗೆ ಮಾರುಹೋದರು. ಪರದೆ ತುಂಬ ನಾಯಕಿಯ ಮುಖ. ಬಾಗಿಲು ಬಡಿದದ್ದು, ಕಾರು ಹೊರಟದ್ದು ಬರೀ ಕಿವಿಗೆ. ಕಂಡದ್ದನ್ನೇ ಮತ್ತೆ ಕೇಳಿಸಬೇಕಿಲ್ಲ ಎಂಬುದಕ್ಕೆ ಅವರಿಗೆ ಅಷ್ಟು ಸಾಕಾಯಿತು.

ಮರುವರ್ಷವೇ ‘ಪ್ಯಾರಿಸ್ಸಿನ ಸೂರುಗಳ ಕೆಳಗೆ’ ಚಿತ್ರದಲ್ಲಿ ಗಾಜಿನ ಬಾಗಿಲಾಚೆಯ ಮಾತನ್ನು ಕೇಳಿಸದೇ ಬಿಟ್ಟರು, ಹಳಿ ಪಕ್ಕದ ಹೊಡೆದಾಟವನ್ನು ರೈಲಿನ ಸದ್ದಲ್ಲಿ ಮುಳುಗಿಸಿದರು. ನಮ್ಮಲ್ಲಿ ಮೊದಲ ಭಾರತೀಯ ಟಾಕಿ ‘ಆಲಂ ಆರಾ’ದ ತಂಡ ಸ್ಟುಡಿಯೋ ಪಕ್ಕದ ರೈಲಿಗೆ ಹೆದರಿ ರಾತ್ರಿಯೆಲ್ಲ ಎದ್ದು ಚಿತ್ರೀಕರಿಸಿದ್ದನ್ನು ನೆನೆದರೆ ತಮಾಷೆ ಎನಿಸುತ್ತದೆ.

‘ಲ ಮಿಲಿಯೋ’ದ ಮೂಲ ಒಂದು ರಂಗ ಪ್ರಹಸನ, ಅಂದರೆ ಮಾತಿನ ಮೂಟೆ. ಕ್ಲೇರ್ ಆ ಮಾತನ್ನು ಹಾಡಿಗೆ ದಾಟಿಸಿದರು. ನಾಯಕನಿಗೆ ಸಾಲ ಕೊಟ್ಟ ಅಂಗಡಿಯವರು ಮೇಳವಾಗಿ ಹಾಡುತ್ತಾರೆ. ಕಲಾ ನಿರ್ದೇಶಕ ಲಜಾರ್ ಮೀರ್ಸನ್ ನಟರಿಗೂ ಹಿಂದಿನ ಚಿತ್ರಿತ ಪರದೆಗೂ ನಡುವೆ ತೆಳು ಬಟ್ಟೆ ಇಳಿಬಿಟ್ಟರು. ಊರೇ ಮಂಜಲ್ಲಿ ಅದ್ದಿದಂತಾಯಿತು.

ನನಗೆ ಕೋಟಿನ ಗದ್ದಲಕ್ಕಿಂತ ಇಷ್ಟವಾಗುವುದು ಇನ್ನೊಂದು ದೃಶ್ಯ. ಮುನಿಸಿಕೊಂಡ ಪ್ರೇಮಿಗಳು ರಂಗದ ಮೇಲಿನ ಸೆಟ್ಟಿನ ಹಿಂದೆ ಸಿಕ್ಕಿಬಿದ್ದಿದ್ದಾರೆ. ಮುಂದೆ ಒಬ್ಬರನ್ನೊಬ್ಬರು ಕಂಡರಾಗದ ದಢೂತಿ ಗಾಯಕ-ಗಾಯಕಿ ಪ್ರೇಮಗೀತೆ ಹಾಡುತ್ತಿದ್ದಾರೆ. ಕಂಪನಿ ನಾಟಕದ ಸೈಡ್‌ವಿಂಗಲ್ಲಿ ಕೂತು ನೋಡಿದವರಿಗೆ ಈ ಗುಟ್ಟು ಗೊತ್ತು. ಹಾಡು ಸುಳ್ಳು, ಹೂವು ಕಾಗದದ್ದು. ಆದರೂ ಹಿಂದೆ ಕೂತ ಇಬ್ಬರು ತುಟಿ ಬಿಚ್ಚದೆ, ಆ ಸುಳ್ಳು ಹಾಡು ಕೇಳುತ್ತಲೇ ರಾಜಿಯಾಗುತ್ತಾರೆ.