ಗಡ್ಡೆಗೆ ರಕ್ತನಾಳ ಬರುವುದು ಹೇಗೆ? ಹಿಫ್ ಹತ್ತಿರ ಸಿಕ್ಕಿಕೊಂಡವರಿಗೆ

ಮೆದುಳಿನ ಗ್ಲಿಯೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗಡ್ಡೆಯ ಬಗ್ಗೆ ಓದುವಾಗ ಈ ಸಾಲು ಬರುತ್ತದೆ: ಆಕ್ಸಿಜನ್ ಕಡಿಮೆಯಾದರೆ ಹಿಫ್-1 ಆಲ್ಫಾ (ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್, ಚಿಕ್ಕದಾಗಿ ಹಿಫ್) ಹೆಚ್ಚುತ್ತದೆ, ಅದು ವಿಇಜಿಎಫ್ (ರಕ್ತನಾಳ ಬೆಳೆಸುವ ಪ್ರೋಟೀನ್) ಹೆಚ್ಚಿಸುತ್ತದೆ, ಹೊಸ ರಕ್ತನಾಳ ಹುಟ್ಟುತ್ತದೆ. ಸುಮ್ನೆ ಬಾಯಿಪಾಠ ಮಾಡಿದ್ದೆ. ಆದರೆ ಉಸಿರಿಗೇ ಕಷ್ಟಪಡುವ ಕೋಶ ಇದ್ದಕ್ಕಿದ್ದಂತೆ ಇಷ್ಟೊಂದು ಹಿಫ್ ತಯಾರಿಸುವುದು ಹೇಗೆ? ಇಲ್ಲೇ ಎರಡು ದಿನ ನಿಂತೆ.

ಉತ್ತರ: ಹೊಸದಾಗಿ ಜಾಸ್ತಿ ತಯಾರಿಸಬೇಕಾಗಿಯೇ ಇಲ್ಲ. ಹಿಫ್-1 ಆಲ್ಫಾ ಯಾವಾಗಲೂ ತಯಾರಾಗುತ್ತಲೇ ಇರುತ್ತದೆ. ಆಕ್ಸಿಜನ್ ಇದ್ದಾಗ ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ.

ಅಫಜಲಪುರದ ನಮ್ಮ ಮನೆಯಲ್ಲಿ ಅವ್ವ ಜೋಳದ ರೊಟ್ಟಿ ಬಡಿಯುವಾಗ ಇದು ಹೊಳೆಯಿತು. ಉಣ್ಣುವವರು ಕೂತಿದ್ದರೆ ಬುಟ್ಟಿಯಲ್ಲಿ ರೊಟ್ಟಿ ನಿಲ್ಲುವುದಿಲ್ಲ. ಅವರು ಎದ್ದು ಹೋದರೆ, ಅವ್ವ ಅದೇ ವೇಗದಲ್ಲಿ ಬಡಿದರೂ ಬುಟ್ಟಿ ತುಂಬುತ್ತದೆ.

ನಾಶ ಮಾಡುವ ಕೆಲಸ ಹೀಗೆ ನಡೆಯುತ್ತದೆ. ಪ್ರೋಲಿಲ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಹಿಫ್‌ನ ಪ್ರೋಲಿನ್ ಎಂಬ ಅಮೈನೋ ಆಮ್ಲದ ಮೇಲೆ ಒಂದು ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಕೂಡಿಸುತ್ತದೆ. ಆ ಗುರುತು ನೋಡಿ ವಿಎಚ್‌ಎಲ್ ಪ್ರೋಟೀನ್ ಹಿಫ್ ಅನ್ನು ಹಿಡಿಯುತ್ತದೆ. ನಾಶದ ಚೀಟಿಯಾದ ಯುಬಿಕ್ವಿಟಿನ್ ಅಂಟುತ್ತದೆ, ಪ್ರೋಟೀನ್ ಒಡೆಯುವ ಯಂತ್ರವಾದ ಪ್ರೋಟಿಯಾಸೋಮ್ ಒಡೆದು ಹಾಕುತ್ತದೆ. ಮುಖ್ಯವಾದ ಮಾತು ಇದು: ಆ ಹೈಡ್ರಾಕ್ಸಿಲ್‌ನ ಆಮ್ಲಜನಕ ಪರಮಾಣು ಬರುವುದೇ ನಾವು ಉಸಿರಾಡುವ ಆಕ್ಸಿಜನ್‌ನಿಂದ. ಆಕ್ಸಿಜನ್ ಇಲ್ಲ ಅಂದರೆ ಗುರುತು ಬೀಳುವುದಿಲ್ಲ, ಹಿಫ್ ಉಳಿಯುತ್ತದೆ. ಕೋಶ ಆಕ್ಸಿಜನ್ ಅಳೆಯುವುದು ಹೀಗೆ. 2019ರ ವೈದ್ಯಕೀಯ ನೊಬೆಲ್ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಅವರಿಗೆ ಬಂದದ್ದು ಇದಕ್ಕೇ.

ಅರ್ಥವಾಯಿತೋ ಇಲ್ಲವೋ ಅಂತ ಹೀಗೆ ಪರೀಕ್ಷಿಸಿಕೊಳ್ಳಿ. ವಿಎಚ್‌ಎಲ್ ಜೀನ್ ಕೆಟ್ಟರೆ ಏನಾಗುತ್ತದೆ? ಆಕ್ಸಿಜನ್ ಸಾಕಷ್ಟಿದ್ದರೂ ಹಿಫ್ ಉಳಿಯುತ್ತದೆ, ಅಲ್ವಾ? ಅದಕ್ಕೇ ಈ ಜೀನ್ ಕೆಟ್ಟು ಬರುವ ವಿಎಚ್‌ಎಲ್ ರೋಗದವರ ಕಿರುಮೆದುಳಿನಲ್ಲಿ ರಕ್ತನಾಳಗಳೇ ತುಂಬಿರುವ ಹಿಮಾಂಜಿಯೋಬ್ಲಾಸ್ಟೋಮಾ ಎಂಬ ಗಡ್ಡೆ ಬರುತ್ತದೆ. ಈ ಒಂದು ಉದಾಹರಣೆ ನೆನಪಿದ್ದರೆ ದಾರಿ ತಪ್ಪುವುದಿಲ್ಲ.

ಮುಂದಿನದು ಸುಲಭ. ವಿಇಜಿಎಫ್ ರಕ್ತನಾಳದ ಒಳಪದರದ ಕೋಶಗಳ ಮೇಲಿನ ವಿಇಜಿಎಫ್ ರಿಸೆಪ್ಟರ್-2ಕ್ಕೆ (ಅದನ್ನು ಹಿಡಿಯುವ ಪ್ರೋಟೀನ್‌ಗೆ) ಅಂಟುತ್ತದೆ, ಆ ಕೋಶಗಳು ಬೆಳೆದು ಮುಂದೆ ಸಾಗುತ್ತವೆ. ಗ್ಲಿಯೋಬ್ಲಾಸ್ಟೋಮಾದ ಸ್ಲೈಡ್ ಅನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಸತ್ತ ಜಾಗದ ಸುತ್ತ ಸಾಲುಗಟ್ಟಿದ ಕೋಶಗಳಿಗೇ ಆಕ್ಸಿಜನ್ ಕೊರತೆ. ವಿಇಜಿಎಫ್ ಜಾಸ್ತಿ ಸಿಗುವುದೂ ಅಲ್ಲೇ.

ಹೊಸ ನಾಳಗಳು ಸೋರುತ್ತವೆ, ಮೆದುಳು ಊದಿಕೊಳ್ಳುತ್ತದೆ. 1983ರಲ್ಲಿ ವಿಇಜಿಎಫ್ ಅನ್ನು ಮೊದಲು ಗುರುತಿಸಿದ್ದೇ ನಾಳ ಸೋರುವಂತೆ ಮಾಡುವ ಗುಣದಿಂದ.

ಬೆವಾಸಿಝುಮ್ಯಾಬ್ ಎಂಬ ಔಷಧ ವಿಇಜಿಎಫ್ ಅನ್ನು ಹಿಡಿದುಕೊಳ್ಳುತ್ತದೆ. 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ, ಹೊಸದಾಗಿ ಗ್ಲಿಯೋಬ್ಲಾಸ್ಟೋಮಾ ಪತ್ತೆಯಾದವರಲ್ಲಿ ರೋಗ ಉಲ್ಬಣಿಸುವುದು ತಡವಾಯಿತು, ಆಯಸ್ಸು ಮಾತ್ರ ಹೆಚ್ಚಲಿಲ್ಲ. ಎಂಆರ್‌ಐ ನೋಡುವಾಗಲೂ ಎಚ್ಚರ ಬೇಕು. ಸೋರಿಕೆ ನಿಂತರೆ ಕಾಂಟ್ರಾಸ್ಟ್‌ನ (ಸ್ಕ್ಯಾನ್‌ಗಾಗಿ ರಕ್ತಕ್ಕೆ ಚುಚ್ಚುವ ದ್ರವದ) ಹೊಳಪು ಬೇಗ ಕುಗ್ಗುತ್ತದೆ, ಗಡ್ಡೆ ಹಾಗೇ ಇರಬಹುದು. ಅದಕ್ಕೇ ಫ್ಲೇರ್ ಎಂಬ ಇನ್ನೊಂದು ಬಗೆಯ ಎಂಆರ್‌ಐ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡಬೇಕು.